ಮಧ್ಯಯುಗಕ್ಕೆ ಸುಣ್ಣ ಬಳಿದವರು

1797ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ‘ದ ಕ್ಯಾಸಲ್ ಸ್ಪೆಕ್ಟರ್’ ಎಂಬ ನಾಟಕ ರಂಗಕ್ಕೆ ಬಂತು. ಬರೆದವನು ಮ್ಯಾಥ್ಯೂ ಲೂಯಿಸ್. ಮಧ್ಯಯುಗದ ವೇಲ್ಸಿನ ಒಂದು ಕೋಟೆ, ಅಲ್ಲೊಬ್ಬ ದುಷ್ಟ ಒಡೆಯ, ಸೆರೆಸಿಕ್ಕ ನಾಯಕಿ, ಒಂದು ಹೆಣ್ಣು ದೆವ್ವ. ಒಡೆಯನ ಬಂಟರು ಆಫ್ರಿಕಾದ ಕಪ್ಪು ಆಳುಗಳು. ಆ ಕಾಲದ ವೇಲ್ಸಿಗೆ ಕಪ್ಪು ಜನ ಎಲ್ಲಿಂದ ಬಂದರು ಎಂದು ಆಕ್ಷೇಪ ಎದ್ದಿತು. ಲೂಯಿಸ್ ಸಮಜಾಯಿಷಿ ಕೊಡಲು ಹೋಗಲಿಲ್ಲ. ಕಾಲದೋಷ ಹೌದು, ಆದರೆ ರಂಗದ ಮೇಲೆ ಬಣ್ಣಗಳ ವೈವಿಧ್ಯ ಬೇಕಿತ್ತು. ನಾಯಕಿಯನ್ನು ನೀಲಿ ಮಾಡಿದರೆ ಅದೇ ಪರಿಣಾಮ ಸಿಗುತ್ತದೆ ಎಂದಿದ್ದರೆ ಅವಳನ್ನು ನೀಲಿಯಾಗಿಯೇ ಮಾಡುತ್ತಿದ್ದೆ ಎಂದುಬಿಟ್ಟ.

ಈ ಪ್ರಸಂಗವನ್ನು ಮುಂದೆ ನೆನಪಿಸಿಕೊಂಡವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನ ಕತೆಯಾದ ಅವನ ‘ಐವನ್‌ಹೋ’ದಲ್ಲಿ ಕ್ರುಸೇಡ್ ಎಂಬ ಧರ್ಮಯುದ್ಧದಿಂದ ಮರಳಿದ ಒಬ್ಬ ಯೋಧನ ಹಿಂದೆ ಕಪ್ಪು ಆಳುಗಳು ಬರುತ್ತಾರೆ. ಅದಕ್ಕೂ ವಿಮರ್ಶಕರು ತಕರಾರು ತೆಗೆದಿದ್ದರು. ಸ್ಕಾಟ್ ನಂತರದ ಆವೃತ್ತಿಯಲ್ಲಿ ಟಿಪ್ಪಣಿ ಬರೆದು, ಲೂಯಿಸನ ನೀಲಿ ನಾಯಕಿಯ ಮಾತನ್ನು ನಗುನಗುತ್ತ ಉಲ್ಲೇಖಿಸಿ, ಪೂರ್ವದೇಶಗಳ ವೈಭೋಗವನ್ನು ಕಂಡು ಬಂದ ಯೋಧರು ಅಲ್ಲಿನ ಪದ್ಧತಿಯಂತೆ ಕಪ್ಪು ಆಳುಗಳನ್ನು ಕರೆತಂದಿದ್ದರೆ ಆಶ್ಚರ್ಯವೇನು ಎಂದು ವಾದಿಸಿದ.

2022ರಲ್ಲಿ ಟೋಲ್ಕಿನ್‌ನ ಕಲ್ಪಿತ ಲೋಕದ ‘ದ ರಿಂಗ್ಸ್ ಆಫ್ ಪವರ್’ ಟೆಲಿವಿಷನ್ ಸರಣಿಯಲ್ಲಿ ಎಲ್ಫ್ ಎಂಬ ಚಿರಂಜೀವಿ ಕುಲದ ಕಪ್ಪು ಚರ್ಮದವನೊಬ್ಬ ಕಾಣಿಸಿದಾಗ, ‘ಹೌಸ್ ಆಫ್ ದ ಡ್ರ್ಯಾಗನ್’ನಲ್ಲಿ ಕಪ್ಪು ಶ್ರೀಮಂತ ಮನೆತನವೊಂದು ಬಂದಾಗ ಅಂತರ್ಜಾಲದಲ್ಲಿ ನಡೆದ ಜಗಳಕ್ಕೆ ಹೀಗೆ ಇನ್ನೂರು ವರ್ಷಗಳ ವಯಸ್ಸಾಗಿದೆ. ಒಂದು ಕಡೆಯವರು, ಇದು ಮಧ್ಯಯುಗದ ಯುರೋಪಿನಂಥ ಲೋಕ, ಇಲ್ಲಿ ಎಲ್ಲರೂ ಬಿಳಿಯರಾಗಿರುವುದೇ ಸಹಜ ಎಂದರು. ಇನ್ನೊಂದು ಕಡೆಯವರು, ಬೆಂಕಿಯುಗುಳುವ ಡ್ರ್ಯಾಗನ್ನನ್ನು ಒಪ್ಪುವವರಿಗೆ ಇದೇಕೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಕೇಳಿದರು. ಈ ಮರುಪ್ರಶ್ನೆ ಚುರುಕಾಗಿದೆ, ಆದರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಕಲ್ಪಿತ ಲೋಕಕ್ಕೂ ಒಂದು ಒಳನಿಯಮ ಇರಲಿ ಎಂದು ಓದುಗ ಬಯಸುವುದರಲ್ಲಿ ತಪ್ಪಿಲ್ಲ. ಮಧ್ಯಯುಗವೆಂದರೆ ಬಿಳಿಯರ ಲೋಕ ಎಂಬ ನಿಯಮ ಅವನ ತಲೆಗೆ ಎಲ್ಲಿಂದ ಬಂತು ಎಂದು ಕೇಳಬೇಕು. ಮಧ್ಯಯುಗದಿಂದಂತೂ ಬಂದಿಲ್ಲ.

ಜರ್ಮನಿಯ ಮಾಗ್ಡೆಬರ್ಗ್ ಕೆಥೆಡ್ರಲ್‌ನಲ್ಲಿ 1240ರಿಂದ 1250ರ ಸುಮಾರಿಗೆ ಕಡೆದ ಸಂತ ಮಾರಿಸನ ಕಲ್ಲಿನ ಮೂರ್ತಿ ಇದೆ. ಉಕ್ಕಿನ ಬಳೆಗಳನ್ನು ಹೆಣೆದ ಕವಚ ತೊಟ್ಟ ಯೋಧ. ಮುಖ ನಿಸ್ಸಂದೇಹವಾಗಿ ಆಫ್ರಿಕಾದವನದು. ಅವನು ಶತ್ರುವಲ್ಲ, ಆ ಕೆಥೆಡ್ರಲ್‌ನ ಪಾಲಕ ಸಂತ. ಅದೇ ಶತಮಾನದ ಡಚ್ ಕಾವ್ಯವೊಂದರ ನಾಯಕ ಮೋರಿಯಾನ್, ಆರ್ಥರ್ ರಾಜನ ಯೋಧನೊಬ್ಬನಿಗೆ ಮೂರ್ ಎಂಬ ಕಪ್ಪು ಜನರ ನಾಡಿನ ಹೆಣ್ಣಿನಲ್ಲಿ ಹುಟ್ಟಿದ ಮಗ. ಹಲ್ಲುಗಳನ್ನು ಬಿಟ್ಟರೆ ಮೈಯೆಲ್ಲ ಕಪ್ಪು. ತಂದೆಯನ್ನು ಹುಡುಕಿಕೊಂಡು ಬರುತ್ತಾನೆ. ಅವನನ್ನು ನೋಡಿದ ದೋಣಿಯವರು ಹೆದರಿ ದಡ ದಾಟಿಸಲು ಒಪ್ಪುವುದಿಲ್ಲ. ಕವಿ ಅವರ ಭಯವನ್ನು ಮುಚ್ಚಿಡುವುದಿಲ್ಲ, ಆದರೆ ಅದರ ಪರವೂ ನಿಲ್ಲುವುದಿಲ್ಲ. ಮೋರಿಯಾನ್ ಕೊನೆಗೆ ತಂದೆಯನ್ನು ಕಂಡು, ತಾಯಿಗೆ ನ್ಯಾಯ ಕೊಡಿಸುತ್ತಾನೆ.

ಇವರೆಲ್ಲರಿಗಿಂತ ನನಗೆ ಇಷ್ಟವಾದವನು ಫೈರೆಫಿಜ್. ಹದಿಮೂರನೆಯ ಶತಮಾನದ ಆರಂಭದಲ್ಲಿ ವೊಲ್ಫ್ರಾಮ್ ಫಾನ್ ಎಶೆನ್‌ಬಾಖ್ ಬರೆದ ‘ಪಾರ್ಜಿವಲ್’ ಕಾವ್ಯದಲ್ಲಿ ಅವನು ಬರುತ್ತಾನೆ. ಗಾಮುರೆಟ್ ಎಂಬ ಯುರೋಪಿನ ಯೋಧ ಜಜಮಾಂಕ್ ಎಂಬ ನಾಡಿನ ಕಪ್ಪು ರಾಣಿ ಬೆಲಕಾನೆಯನ್ನು ಮದುವೆಯಾಗಿ, ಅವಳು ಗರ್ಭಿಣಿಯಾಗಿರುವಾಗಲೇ ಒಂದು ಪತ್ರ ಬರೆದಿಟ್ಟು ಹೇಳದೆ ಹೊರಟುಹೋಗುತ್ತಾನೆ. ನೀನು ಕ್ರೈಸ್ತಳಲ್ಲವಲ್ಲ ಎಂಬುದು ಪತ್ರದ ನೆಪ. ಕೇಳಿದ್ದರೆ ನಾನು ಸಂತೋಷದಿಂದ ಒಪ್ಪುತ್ತಿದ್ದೆನಲ್ಲ ಎಂದು ರಾಣಿ ಅಳುತ್ತಾಳೆ. ಹುಟ್ಟಿದ ಮಗು ಕಪ್ಪು ಬಿಳುಪು ಮಚ್ಚೆಗಳದು. ತಾಯಿ ಅದರ ಬಿಳಿ ಮಚ್ಚೆಗಳಿಗೆ ಮತ್ತೆ ಮತ್ತೆ ಮುತ್ತಿಡುತ್ತಾಳೆ. ಬಿಟ್ಟುಹೋದ ಗಂಡನ ಬಣ್ಣ ಅದು. ಶಾಕುಂತಲ ಓದಿದವರಿಗೆ ಬೆಲಕಾನೆಯ ದುಃಖಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ.

ಗಾಮುರೆಟ್ ಯುರೋಪಿಗೆ ಹಿಂದಿರುಗಿ ಇನ್ನೊಂದು ಮದುವೆಯಾಗುತ್ತಾನೆ. ಆ ಮಗನೇ ಕಾವ್ಯದ ನಾಯಕ ಪಾರ್ಜಿವಲ್. ಕಾವ್ಯದ ಕೊನೆಯ ಭಾಗದಲ್ಲಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಅರಿಯದೆ ಕಾದಾಡುತ್ತಾರೆ. ಪಾರ್ಜಿವಲ್‌ನ ಕತ್ತಿ ಮುರಿಯುತ್ತದೆ. ನಿರಾಯುಧನ ಮೇಲೆ ಕೈ ಮಾಡುವುದು ತರವಲ್ಲವೆಂದು ಫೈರೆಫಿಜ್ ತನ್ನ ಕತ್ತಿಯನ್ನು ದೂರ ಎಸೆಯುತ್ತಾನೆ. ನಾಯಕನಿಗಿಂತ ದೊಡ್ಡ ಮನಸ್ಸು ತೋರಿದವನು ಹೊರಗಿನವನು. ನಿನ್ನ ಅಣ್ಣ ಹೇಗಿದ್ದಾನೆಂದು ಕೇಳಿದ್ದೀಯ ಎಂಬ ಫೈರೆಫಿಜನ ಪ್ರಶ್ನೆಗೆ, ಬರೆದ ಹಾಳೆಯ ಹಾಗೆ ಅಲ್ಲಲ್ಲಿ ಕಪ್ಪು ಅಲ್ಲಲ್ಲಿ ಬಿಳುಪು ಎಂದು ಪಾರ್ಜಿವಲ್ ಉತ್ತರಿಸುತ್ತಾನೆ. ಅಲ್ಲಿಂದ ಆರ್ಥರನ ದುಂಡುಮೇಜಿನಲ್ಲಿ ಫೈರೆಫಿಜನಿಗೆ ಸ್ಥಾನ ಸಿಗುತ್ತದೆ. ಮುಂದೆ ಗ್ರೇಲ್ ಎಂಬ ದಿವ್ಯ ವಸ್ತುವನ್ನು ಕಾಯುವ ಕನ್ಯೆಯನ್ನು ಮದುವೆಯಾಗಿ ಇಂಡಿಯಾಕ್ಕೆ ಹೋಗುತ್ತಾನೆ. ಅವರ ಮಗನೇ ಪ್ರೆಸ್ಟರ್ ಜಾನ್ ಎನ್ನುತ್ತದೆ ಕಾವ್ಯ. ಪೂರ್ವದಲ್ಲೆಲ್ಲೋ ಮೂರು ಇಂಡಿಯಾಗಳನ್ನು ಆಳುವ ಕ್ರೈಸ್ತ ಚಕ್ರವರ್ತಿಯೊಬ್ಬನಿದ್ದಾನೆ ಎಂದು 1165ರ ಸುಮಾರಿನಿಂದ ಯುರೋಪಿನಲ್ಲಿ ಒಂದು ಕಳ್ಳಪತ್ರ ಓಡಾಡುತ್ತಿತ್ತು. ಅದೇ ಪ್ರೆಸ್ಟರ್ ಜಾನ್. ನಮ್ಮ ನೆಲದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ, ಆದರೆ ಅವರ ಅತಿ ಪವಿತ್ರ ಕತೆಯ ಒಂದು ತುದಿಯನ್ನು ಇಲ್ಲಿಗೆ ತಂದು ಕಟ್ಟಿದ್ದರು.

ಇದನ್ನು ಓದಿ ಮಧ್ಯಯುಗ ಸಮಾನತೆಯ ಕಾಲವೆಂದು ಹಿಗ್ಗಬೇಕಾಗಿಲ್ಲ. ಫೈರೆಫಿಜನಿಗೆ ದೀಕ್ಷಾಸ್ನಾನ ಆಗುವವರೆಗೆ ಗ್ರೇಲ್ ಕಣ್ಣಿಗೇ ಬೀಳುವುದಿಲ್ಲ. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕಾವ್ಯ ‘ದ ಕಿಂಗ್ ಆಫ್ ಟಾರ್ಸ್’ನಲ್ಲಿ ಕಪ್ಪು ಸುಲ್ತಾನನಿಗೂ ಬಿಳಿ ಕ್ರೈಸ್ತ ರಾಜಕುಮಾರಿಗೂ ಹುಟ್ಟಿದ್ದು ಆಕಾರವಿಲ್ಲದ ಮಾಂಸದ ಮುದ್ದೆ, ದೀಕ್ಷೆಯಾದೊಡನೆ ಅದು ಚೆಲುವ ಮಗುವಾಗುತ್ತದೆ. ಸುಲ್ತಾನ ತಾನೂ ದೀಕ್ಷೆ ಪಡೆದಾಗ ಅವನ ಚರ್ಮ ಬೆಳ್ಳಗಾಗುತ್ತದೆ! ಕಾವ್ಯದ ಹೊರಗಿನ ಲೋಕ ಇನ್ನೂ ಕಠೋರವಾಗಿತ್ತು. ಯಹೂದಿಗಳೂ ಮುಸ್ಲಿಮರೂ ದೂರದಿಂದಲೇ ಗುರುತು ಸಿಗುವಂಥ ಉಡುಪು ತೊಡಬೇಕೆಂದು 1215ರಲ್ಲಿ ರೋಮಿನ ಲ್ಯಾಟರನ್ ಧರ್ಮಸಭೆ ವಿಧಿಸಿತು. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ತನ್ನ ರಾಜ್ಯದ ಯಹೂದಿಗಳನ್ನೆಲ್ಲ ಹೊರಗಟ್ಟಿದ. ಹುಟ್ಟು, ಧರ್ಮ, ಮೈಬಣ್ಣ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಜನರನ್ನು ಬೇರೆ ಮಾಡುವ ಕೆಲಸ ಆಗಲೇ ಶುರುವಾಗಿತ್ತು ಎಂದು ವಿದ್ವಾಂಸೆ ಜೆರಾಲ್ಡೀನ್ ಹೆಂಗ್ 2018ರ ತಮ್ಮ ದೊಡ್ಡ ಗ್ರಂಥದಲ್ಲಿ ವಾದಿಸಿದ್ದಾರೆ. ಎಂದರೆ ಹೊರಗಿನವರು ಅಲ್ಲಿದ್ದರು, ಎಲ್ಲರ ಕಣ್ಣಿಗೂ ಬೀಳುತ್ತಿದ್ದರು, ಕತೆಗಳೂ ಅವರನ್ನು ಬಿಟ್ಟು ನಡೆಯುತ್ತಿರಲಿಲ್ಲ. ಅವರಿಲ್ಲದ ಮಧ್ಯಯುಗವನ್ನು ಕಟ್ಟಿದ್ದು ಆಮೇಲಿನವರು.

ಅದು ಮುಖ್ಯವಾಗಿ ಹತ್ತೊಂಬತ್ತನೆಯ ಶತಮಾನದ ಕೆಲಸ. ಯುರೋಪಿನ ಒಂದೊಂದು ದೇಶವೂ ತನಗೊಂದು ಮೂಲಪುರುಷರ ಕುಲ ಬೇಕೆಂದು ಹುಡುಕುತ್ತಿದ್ದ ಕಾಲ. ಭಾಷೆಗಳ ಬಂಧುತ್ವವನ್ನು ಗುರುತಿಸಿದ ವಿದ್ವತ್ತು ನಿಧಾನವಾಗಿ ರಕ್ತದ ಬಂಧುತ್ವದ ಮಾತಾಗಿ ಹದಗೆಟ್ಟಿತು. ಆರ್ಯ ದ್ರಾವಿಡ ಎಂದು ಅದೇ ಗರಗಸ ನಮ್ಮಲ್ಲೂ ಓಡಿದ್ದನ್ನು ನಾವು ಬಲ್ಲೆವು. ‘ಐವನ್‌ಹೋ’ ಇಂಗ್ಲೆಂಡಿನ ಮಧ್ಯಯುಗವನ್ನು ಸ್ಯಾಕ್ಸನ್ ಮತ್ತು ನಾರ್ಮನ್ ಎಂಬ ಎರಡು ಕುಲಗಳ ಜಗಳವಾಗಿ ಓದಿಸಿತು, ಕೊನೆಗೆ ಇಬ್ಬರನ್ನೂ ಒಂದು ಮಾಡಿತು. ಆ ಕಾದಂಬರಿಯಲ್ಲಿ ಎಲ್ಲರಿಗಿಂತ ಧೀರಳು ರೆಬೆಕ್ಕಾ, ಯಹೂದಿ ಹುಡುಗಿ. ರಾಜ್ಯವೆಲ್ಲ ಒಂದಾದ ಹೊತ್ತಿನಲ್ಲಿ ಅವಳು ತಂದೆಯೊಡನೆ ಸ್ಪೇನಿನ ಗ್ರನಾಡಾಕ್ಕೆ ಹೊರಟುಹೋಗುತ್ತಾಳೆ. ಸ್ಕಾಟ್‌ಗೆ ಅವಳ ಮೇಲೆ ಗೌರವವಿತ್ತು, ಆದರೆ ಹೊಸ ಇಂಗ್ಲೆಂಡಿನಲ್ಲಿ ಅವಳಿಗೊಂದು ಮನೆ ಮಾಡಿಕೊಡಲಾಗಲಿಲ್ಲ.

ಶತಮಾನದ ಕೊನೆಗೆ ಇಂಗ್ಲಿಷ್ ಲೇಖಕ ವಿಲಿಯಂ ಮಾರಿಸ್ ಬಂದ. 1889ರ ಅವನ ‘ದ ರೂಟ್ಸ್ ಆಫ್ ದ ಮೌಂಟನ್ಸ್’ನಲ್ಲಿ ಗೋಥ್ ಕುಲದ ಸ್ವತಂತ್ರ ಹಳ್ಳಿಗರ ಮೇಲೆ ಕುಳ್ಳಗಿನ, ಚಪ್ಪಟೆ ಮೂಗಿನ, ಕಪ್ಪು ಮೈಬಣ್ಣದ ಒಂದು ದಂಡು ಎರಗುತ್ತದೆ. ಹೂಣರ ನೆನಪಿನಲ್ಲಿ ಕಡೆದ ಆ ದಂಡು ಕ್ರೌರ್ಯವೇ ಮೈವೆತ್ತಂತೆ ಕಾಣುತ್ತದೆ. ಮಾರಿಸ್ ತನ್ನ ಕಾಲದಲ್ಲಿ ಸಮಾಜವಾದಿ, ವಸಾಹತುಶಾಹಿಯ ಕಟು ಟೀಕಾಕಾರ ಎಂಬುದನ್ನು ನೆನೆದರೆ ಅಚ್ಚರಿಯಾಗುತ್ತದೆ. ಅವನ ಪುಸ್ತಕಗಳನ್ನು ಮೆಚ್ಚಿ ಓದಿದವನು ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಜೆ. ಆರ್. ಆರ್. ಟೋಲ್ಕಿನ್, ತನ್ನ ಬರಹದ ಮೇಲೆ ಮಾರಿಸನ ಹೂಣರ ಮತ್ತು ರೋಮನ್ನರ ಋಣವಿದೆ ಎಂದು ಮುಂದೆ ಒಂದು ಪತ್ರದಲ್ಲಿ ಒಪ್ಪಿಕೊಂಡ.

ಟೋಲ್ಕಿನ್‌ನನ್ನು ಜನಾಂಗದ್ವೇಷಿ ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ, ಅವನ ಮೇಲೆ ಯಾವ ಕಲೆಯೂ ಇಲ್ಲವೆನ್ನುವವರೂ ಅವನನ್ನು ಸರಿಯಾಗಿ ಓದಿಲ್ಲ. ಅವನು ಹುಟ್ಟಿದ್ದು 1892ರಲ್ಲಿ, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನ್‌ನಲ್ಲಿ. 1959ರಲ್ಲಿ ಆಕ್ಸ್‌ಫರ್ಡಿನ ವಿದಾಯ ಭಾಷಣದಲ್ಲಿ ವರ್ಣಭೇದ ನೀತಿಯ ಮೇಲಿನ ದ್ವೇಷ ತನ್ನ ಮೂಳೆಯಲ್ಲೇ ಇದೆ ಎಂದ. 1938ರಲ್ಲಿ ‘ದ ಹಾಬಿಟ್’ನ ಜರ್ಮನ್ ಅನುವಾದ ತರಬೇಕೆಂದಿದ್ದ ಪ್ರಕಾಶಕರು ನೀವು ಆರ್ಯರೇ ಎಂದು ವಿಚಾರಿಸಿದಾಗ ಅವನಿಗೆ ಸಿಟ್ಟು ಬಂತು. ನನ್ನ ಪೂರ್ವಜರಲ್ಲಿ ಹಿಂದೂಸ್ತಾನಿಯನ್ನೋ ಪರ್ಷಿಯನ್ನನ್ನೋ ಆಡಿದವರು ನನಗೆ ತಿಳಿದ ಮಟ್ಟಿಗೆ ಇಲ್ಲ, ಯಹೂದಿಗಳೇ ಎಂದು ಕೇಳುತ್ತಿದ್ದರೆ ಆ ಪ್ರತಿಭಾವಂತ ಜನರಲ್ಲಿ ನನಗೆ ಪೂರ್ವಜರಿಲ್ಲವೆಂದು ವಿಷಾದವಿದೆ ಎಂದು ಉತ್ತರದ ಕರಡು ಬರೆದ. ಇದೇ ಮನುಷ್ಯ 1958ರಲ್ಲಿ ತನ್ನ ಕತೆಯ ಚಿತ್ರಕತೆಯೊಂದನ್ನು ತಿದ್ದುತ್ತ, ಓರ್ಕ್‌ಗಳು (ಶತ್ರುವಿನ ದಂಡಿನಲ್ಲಿರುವ ವಿಕಾರ ಜೀವಿಗಳು) ಹೇಗಿರಬೇಕೆಂದು ವಿವರಿಸುವಾಗ ಚಪ್ಪಟೆ ಮೂಗು, ಓರೆಗಣ್ಣು, ಹಳದಿ ಛಾಯೆಯ ಚರ್ಮ ಎಂದು ಬರೆದು, ಯುರೋಪಿನವರ ಕಣ್ಣಿಗೆ ಚೆಲುವಲ್ಲದ ಮಂಗೋಲ್ ಮುಖಗಳ ಕೆಟ್ಟ ರೂಪ ಎಂದ. ದ್ವೇಷವನ್ನು ಮನಸ್ಸಿನಿಂದ ಕಿತ್ತು ಹಾಕಿದವನ ಕಲ್ಪನೆಯೊಳಗೂ ಹಳೆಯ ಅಚ್ಚುಗಳು ಉಳಿದಿರುತ್ತವೆ.

‘ದ ಲಾರ್ಡ್ ಆಫ್ ದ ರಿಂಗ್ಸ್’ನ ಭೂಪಟವನ್ನು ಬಿಡಿಸಿ ನೋಡಿ. ಒಳ್ಳೆಯವರು ವಾಯವ್ಯದಲ್ಲಿ. ಶತ್ರುವಿನ ಕಡೆಗೆ ಸೇರುವ ಮನುಷ್ಯರು ಪೂರ್ವದಿಂದ, ದಕ್ಷಿಣದಿಂದ ಬರುತ್ತಾರೆ. ಕಂದು ಅಥವಾ ಕಪ್ಪು ಬಣ್ಣದವರು. ದಕ್ಷಿಣದ ಹರಾದ್ ಜನ ಬೆನ್ನ ಮೇಲೆ ಗೋಪುರ ಹೊತ್ತ ಭಾರಿ ಆನೆಗಳನ್ನು ಯುದ್ಧಕ್ಕೆ ತರುತ್ತಾರೆ. ಅಂಬಾರಿ ನೋಡಲು ಮೈಸೂರಿಗೆ ಹೋಗುವ ನಾವು ಆ ಆನೆಗಳು ನೆಲಕ್ಕುರುಳುವಾಗ ಸಂಭ್ರಮಿಸುತ್ತೇವೆ. ಕತೆಯ ಕಣ್ಣು ಎಲ್ಲಿ ನಿಂತಿದೆಯೋ ಓದುಗನೂ ಅಲ್ಲೇ ನಿಲ್ಲುತ್ತಾನೆ, ಅವನ ಊರು ಭೂಪಟದ ಯಾವ ಮೂಲೆಯಲ್ಲೇ ಇರಲಿ.

ಅದೇ ಯುದ್ಧದ ಬದಿಯಲ್ಲಿ ಒಂದು ಪುಟ್ಟ ಸನ್ನಿವೇಶವಿದೆ. ಹಾಬಿಟ್ ಎಂಬ ಕುಳ್ಳ ಜನರಲ್ಲೊಬ್ಬನಾದ ಸ್ಯಾಮ್‌ನ ಕಾಲ ಬಳಿ ಹರಾದ್ ಸೈನಿಕನೊಬ್ಬನ ಹೆಣ ಬಂದು ಬೀಳುತ್ತದೆ. ಚಿನ್ನದ ಎಳೆ ಸೇರಿಸಿ ಹೆಣೆದ ಕಪ್ಪು ಜಡೆ, ಮುರಿದ ಕತ್ತಿಯ ಹಿಡಿಯನ್ನು ಇನ್ನೂ ಬಿಡದ ಕಂದು ಕೈ. ಇವನ ಹೆಸರೇನಿತ್ತೋ, ಯಾವ ಊರೋ, ಮನಸ್ಸಿನಲ್ಲಿ ನಿಜಕ್ಕೂ ಕೆಡುಕಿತ್ತೋ, ಯಾವ ಸುಳ್ಳಿಗೋ ಬೆದರಿಕೆಗೋ ಇಷ್ಟು ದೂರ ಬಂದನೋ ಎಂದು ಸ್ಯಾಮ್ ಯೋಚಿಸುತ್ತಾನೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೆಣಗಳ ನಡುವೆ ಇದ್ದುಬಂದ ಲೇಖಕ ಬರೆದ ಸಾಲುಗಳಿವು. ಆದರೆ ಆ ಹೆಣ ಮುಖ ಕೆಳಗಾಗಿ ಬಿದ್ದಿದೆ. ಮುಖ ಕಾಣದ್ದಕ್ಕೆ ಸ್ಯಾಮ್‌ಗೆ ಸಮಾಧಾನವೇ ಆಗುತ್ತದೆ. ಹರಾದಿನವನಿಗೆ ಮನುಷ್ಯತ್ವ ಸಿಕ್ಕಿದ್ದು ಸತ್ತ ಮೇಲೆ, ಅದೂ ಇನ್ನೊಬ್ಬನ ಯೋಚನೆಯಲ್ಲಿ. ಇದಕ್ಕೆ ಎದುರಾಗಿ ಕಾಡುಜನರ ನಾಯಕ ಗಾನ್-ಬುರಿ-ಗಾನ್‌ನನ್ನು ಇಡಬೇಕು. ಅವನಿಗೆ ಮಾತಿದೆ. ರೋಹನ್‌ನ ಸವಾರರಿಗೆ ಗುಪ್ತ ದಾರಿ ತೋರಿಸುವ ಮೊದಲು ಕರಾರು ಹಾಕುತ್ತಾನೆ: ಯುದ್ಧ ಗೆದ್ದ ಮೇಲೆ ನಮ್ಮನ್ನು ಪ್ರಾಣಿಗಳಂತೆ ಬೇಟೆಯಾಡಬಾರದು. ಒಳ್ಳೆಯವರು ಅಲ್ಲಿಯವರೆಗೆ ಏನು ಮಾಡುತ್ತಿದ್ದರು ಎಂಬುದು ಆ ಒಂದು ಮಾತಿನಿಂದ ಹೊರಬೀಳುತ್ತದೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಅತಿ ಹರಿತವಾದ ವಾಕ್ಯ ಅದು.

ಓರ್ಕ್‌ಗಳ ವಿಷಯ ಟೋಲ್ಕಿನ್‌ಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಕೆಡುಕಿಗೆ ಸೃಷ್ಟಿಸುವ ಶಕ್ತಿಯಿಲ್ಲ ಎಂಬುದು ಅವನ ಕ್ಯಾಥೊಲಿಕ್ ನಂಬಿಕೆ. ಹಾಗಾದರೆ ಓರ್ಕ್‌ಗಳು ಯಾರನ್ನೋ ಕೆಡಿಸಿ ಮಾಡಿದವರೇ ಆಗಬೇಕು. ಕೆಡಿಸಿದವರಾದರೆ ಅವರಿಗೂ ಆತ್ಮವಿರಬೇಕು, ಉದ್ಧಾರದ ದಾರಿಯಿರಬೇಕು. ಹಾಗಿದ್ದಲ್ಲಿ ಸಾವಿರಗಟ್ಟಲೆ ಕಡಿದು ಹಾಕುವುದು ಹೇಗೆ? ಅವನು ಬೇರೆ ಬೇರೆ ಉತ್ತರಗಳನ್ನು ಬರೆದು ನೋಡಿದ, ಯಾವುದೂ ಗಟ್ಟಿಯಾಗಿ ನಿಲ್ಲಲಿಲ್ಲ. ಅವನನ್ನು ಅನುಸರಿಸಿದವರಲ್ಲಿ ಹೆಚ್ಚಿನವರಿಗೆ ಈ ತಳಮಳ ಬೇಕಿರಲಿಲ್ಲ, ದಂಡು ಮಾತ್ರ ಬೇಕಿತ್ತು. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಅದು ಮುಂದೆ ಲೆಕ್ಕವಾಗಿಯೇ ಬದಲಾಯಿತು. ಆಟಗಾರ ತನ್ನ ಪಾತ್ರದ ಕುಲ ಆರಿಸಿಕೊಂಡರೆ ಅದರ ಗುಣಗಳಿಗೆ ಅಂಕಗಳು ಕೂಡುತ್ತಿದ್ದವು ಅಥವಾ ಕಳೆಯುತ್ತಿದ್ದವು. 2016ರ ಪುಸ್ತಕವೊಂದರಲ್ಲೂ ಓರ್ಕ್ ಆಗಿ ಹುಟ್ಟಿದವನಿಗೆ ಬಲದಲ್ಲಿ ಎರಡು ಅಂಕ ಹೆಚ್ಚು, ಬುದ್ಧಿಯಲ್ಲಿ ಎರಡು ಅಂಕ ಕಡಿಮೆ. ರಕ್ತದಿಂದಲೇ ದಡ್ಡತನ ಬರುತ್ತದೆ ಎಂಬ ಹತ್ತೊಂಬತ್ತನೆಯ ಶತಮಾನದ ಮಾತು ಮೇಜಿನ ಮೇಲಿನ ಆಟದ ನಿಯಮವಾಗಿ ಉಳಿದುಕೊಂಡಿತ್ತು. 2020ರಲ್ಲಿ ಆ ಕಳೆಯುವ ಲೆಕ್ಕವನ್ನು ಕೈಬಿಟ್ಟರು.

ಕನ್ನಡದ ಓದುಗರಿಗೆ ಓರ್ಕ್ ಸಮಸ್ಯೆ ತೀರ ಹೊಸದೇನಲ್ಲ. ರಾಕ್ಷಸರೆಂದರೆ ನಿಜಕ್ಕೂ ರಾಕ್ಷಸರೇ ಎಂದು ಜೈನ ರಾಮಾಯಣಗಳು ಬಹಳ ಹಿಂದೆಯೇ ಕೇಳಿದ್ದವು. ನಾಗಚಂದ್ರನ ಪರಂಪರೆಯಲ್ಲಿ ವಾನರರು ಬಾಲವಿರುವ ಕಪಿಗಳಲ್ಲ, ಕಪಿಯ ಚಿಹ್ನೆಯ ಧ್ವಜ ಹಿಡಿದ ವಿದ್ಯಾಧರರು; ರಾವಣ ಒಂದು ದೌರ್ಬಲ್ಯಕ್ಕೆ ಸೋತ ದೊಡ್ಡ ಮನುಷ್ಯ.

ಇಂಗ್ಲಿಷ್ ಫ್ಯಾಂಟಸಿಯಲ್ಲಿ ಕಣ್ಣಿನ ಜಾಗವನ್ನೇ ಬದಲಿಸಿದವಳು ಅರ್ಸುಲಾ ಲೆ ಗ್ವಿನ್. 1968ರ ‘ಅ ವಿಜರ್ಡ್ ಆಫ್ ಅರ್ತ್‌ಸೀ’ಯ ನಾಯಕ ಗೆಡ್ ಕೆಂಪು ಛಾಯೆಯ ಕಂದು ಮೈಬಣ್ಣದವನು, ಅವನ ಗೆಳೆಯ ಇನ್ನೂ ಕಪ್ಪು. ಮೊದಲ ಅಧ್ಯಾಯದಲ್ಲೇ ಊರಿಗೆ ಬೆಂಕಿಯಿಡಲು ಬರುವ ಕಾರ್ಗ್ ದಂಡು ಬಿಳಿ ಚರ್ಮದ, ಹಳದಿ ಕೂದಲಿನ ಕ್ರೂರಿಗಳದು. ಲೆ ಗ್ವಿನ್ ಇದನ್ನು ಡಂಗುರ ಸಾರಿ ಹೇಳಲಿಲ್ಲ. ಗೆಡ್‌ನ ಬಣ್ಣ ತಡವಾಗಿ, ಮಾತಿನ ನಡುವೆ ಬರುತ್ತದೆ. ಅಷ್ಟರಲ್ಲಿ ಬಿಳಿಯ ಓದುಗ ಅವನೊಳಗೆ ಹೊಕ್ಕು ಕುಳಿತಾಗಿರುತ್ತದೆ. ಪ್ರಕಾಶಕರು ಮಾತ್ರ ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬಿಳಿಯನನ್ನಾಗಿಸಿದರು. 2004ರ ಟೆಲಿವಿಷನ್ ಸರಣಿಯಲ್ಲಿ ಗೆಡ್ ಪಾತ್ರಕ್ಕೆ ಬಿಳಿಯ ನಟನನ್ನೇ ಹಾಕಿದಾಗ ಆಕೆ ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿ ಬರೆದಳು.

ಬಣ್ಣವನ್ನು ತಿರುವುಮುರುವು ಮಾಡಿದ್ದಷ್ಟೇ ಆಗಿದ್ದರೆ ಅದು ಒಂದು ಸಲದ ಚಮತ್ಕಾರವಾಗಿ ಮುಗಿಯುತ್ತಿತ್ತು. 1971ರ ಎರಡನೆಯ ಪುಸ್ತಕದಲ್ಲಿ ಆಕೆ ಕಾರ್ಗ್‌ಗಳ ಮನೆಯೊಳಕ್ಕೇ ಹೋಗುತ್ತಾಳೆ. ಎಳೆಯ ವಯಸ್ಸಿನಲ್ಲೇ ಮನೆಯಿಂದ ಕಿತ್ತು ತಂದು ಕತ್ತಲ ದೇವತೆಗಳ ಪೂಜಾರಿಣಿಯಾಗಿ ಬೆಳೆಸಿದ ಟೆನಾರ್ ಎಂಬ ಬಿಳಿಯ ಹುಡುಗಿಯ ಕತೆ ಅದು. ಬೆಳಕು ನಿಷಿದ್ಧವಾದ ನೆಲದಡಿಯ ಗವಿಯಲ್ಲಿ ಒಂದು ದಿನ ಕೋಲಿನ ತುದಿಗೆ ಬೆಳಕು ಹೊತ್ತಿಸಿಕೊಂಡ ಪರಕೀಯನೊಬ್ಬ ಕಾಣುತ್ತಾನೆ: ಕಪ್ಪು ಮುಖ, ಕೆನ್ನೆಯ ಮೇಲೆ ಗಾಯದ ಗುರುತು. ಹಿಂದಿನ ಪುಸ್ತಕವಿಡೀ ನಾವು ಯಾರ ಜೊತೆಗಿದ್ದೆವೋ ಆ ಗೆಡ್ ಈಗ ಟೆನಾರಳ ಕಣ್ಣಿಗೆ ಕಳ್ಳ, ಮಾಟಗಾರ, ಕೊಲ್ಲಬೇಕಾದವನು. ಕೊಲ್ಲಲಾಗದೆ ಅವಳು ಕದ್ದು ನೀರು ಅನ್ನ ಕೊಡುತ್ತಾಳೆ, ಮಾತಿಗೆ ಕೂರುತ್ತಾಳೆ. ಮೊದಲ ಪುಸ್ತಕದ ಕ್ರೂರ ದಂಡಿಗೂ ಮನೆ, ತಾಯಿ, ದೇವರು, ಭಯ ಇವೆ ಎಂದು ನಮಗೆ ಗೊತ್ತಾಗುವುದು ಹೀಗೆ.

ಸ್ಯಾಮ್ಯುಯೆಲ್ ಡಿಲೇನಿಯ 1979ರಿಂದ ಬಂದ ನೆವೇರಿಯನ್ ಕತೆಗಳಲ್ಲಿ ನಗರದ ನಾಗರಿಕರು ಕಪ್ಪು ಜನ, ಗುಲಾಮರಾಗಿ ಮಾರಾಟವಾಗುವ ಕಾಡುಜನ ಬಿಳಿಯರು. ಆಫ್ರಿಕಾದ ಛಾಯೆಯ ಲೋಕದಲ್ಲಿ ಕತ್ತಿಕಾಳಗದ ಕತೆ ಬರೆದ ಚಾರ್ಲ್ಸ್ ಸಾಂಡರ್ಸ್‌ನ ‘ಇಮಾರೊ’ 1981ರಲ್ಲಿ ಬಂದಾಗ ಪ್ರಕಾಶಕರು ಮುಖಪುಟದಲ್ಲಿ ಕಪ್ಪು ಟಾರ್ಜನ್ ಎಂದು ಹಾಕಿಸಿ, ಟಾರ್ಜನ್ ಹಕ್ಕುದಾರರ ಆಕ್ಷೇಪಕ್ಕೆ ಸಿಕ್ಕಿ, ಪುಸ್ತಕವನ್ನೇ ತಡಮಾಡಿದರು. ಕಪ್ಪು ನಾಯಕನನ್ನು ಬಿಳಿಯ ನಾಯಕನ ನೆರಳಾಗಿಯಲ್ಲದೆ ಮಾರುವ ದಾರಿ ಅವರಿಗೆ ತೋಚಿರಲಿಲ್ಲ. 2016, 2017, 2018 ಹೀಗೆ ಸತತ ಮೂರು ವರ್ಷ ಅತ್ಯುತ್ತಮ ಕಾದಂಬರಿಯ ಹ್ಯೂಗೊ ಪ್ರಶಸ್ತಿ ಕಪ್ಪು ಲೇಖಕಿ ಎನ್. ಕೆ. ಜೆಮಿಸಿನ್‌ಗೆ ಸಿಗುವ ಹೊತ್ತಿಗೆ ಪುಸ್ತಕಲೋಕ ಸಾಕಷ್ಟು ಬದಲಾಗಿತ್ತು. ತೆರೆಯ ಲೋಕ ಇನ್ನೂ ಹಿಂದಿತ್ತು.

2022ರ ಎರಡು ಸರಣಿಗಳು ಒಂದೇ ಕೆಲಸ ಮಾಡಿದವೆಂದು ಜಗಳವಾಡಿದವರು ಭಾವಿಸಿದರು, ಆದರೆ ಅವು ಮಾಡಿದ್ದು ಬೇರೆ ಬೇರೆ. ‘ದ ರಿಂಗ್ಸ್ ಆಫ್ ಪವರ್’ನಲ್ಲಿ ಎಲ್ಫ್ ಅರೊಂಡಿರ್‌ನ ಮೈಬಣ್ಣ ಕತೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಅಲ್ಲಿ ಸಂಶಯ ಇರುವುದು ಎಲ್ಫ್ ಮತ್ತು ಮನುಷ್ಯರ ನಡುವೆ. ನಟನಿಗೆ ಕೆಲಸ ಸಿಕ್ಕಿತು, ಒಳ್ಳೆಯದೇ. ಕತೆ ಮಾತ್ರ ಬಣ್ಣವನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತದೆ. ‘ಹೌಸ್ ಆಫ್ ದ ಡ್ರ್ಯಾಗನ್’ನಲ್ಲಿ ವೆಲೇರಿಯನ್ ಮನೆತನವನ್ನು ಕಪ್ಪು ನಟರು ನಿರ್ವಹಿಸಿದ್ದರಿಂದ ಕಥಾವಸ್ತುವೇ ಬಿಗಿಯಾಯಿತು. ಪಟ್ಟದ ರಾಜಕುಮಾರಿ ರನೀರಾಳ ಮಕ್ಕಳು ಅವಳ ಗಂಡನಾದ ವೆಲೇರಿಯನ್‌ಗೆ ಹುಟ್ಟಿದವರಲ್ಲ. ಮೂಲ ಪುಸ್ತಕದಲ್ಲಿ ಇದಕ್ಕೆ ಕೂದಲ ಬಣ್ಣ, ಮೂಗಿನ ಆಕಾರಗಳ ಸುಳಿವು ಕೊಡಬೇಕಾಗಿತ್ತು. ತೆರೆಯ ಮೇಲೆ ಕಪ್ಪು ತಂದೆಯ ಪಕ್ಕದಲ್ಲಿ ಬಿಳಿ ಮಕ್ಕಳು ನಿಂತರೆ ಸಾಕು. ಇಡೀ ಆಸ್ಥಾನಕ್ಕೆ ಕಾಣುತ್ತದೆ. ಗಟ್ಟಿಯಾಗಿ ಹೇಳಿದವನು ರಾಜದ್ರೋಹಿ. ಕೊನೆಗೆ ವೇಮಂಡ್ ವೆಲೇರಿಯನ್ ತುಂಬಿದ ಸಭೆಯಲ್ಲಿ ಎದ್ದು, ನನ್ನ ಮನೆತನದ ರಕ್ತ ಇವರಲ್ಲಿಲ್ಲ ಎಂದು ಕೂಗುತ್ತಾನೆ, ಮರುಕ್ಷಣ ಅವನ ತಲೆ ಉರುಳುತ್ತದೆ. ವಂಶಶುದ್ಧಿಯ ಹೆಸರಿನಲ್ಲಿ ವಾದಿಸುವವನು ಕಪ್ಪು ಶ್ರೀಮಂತ. ಅವನು ಹೇಳಿದ್ದು ನಿಜ, ಹೇಳಿದ ರೀತಿ ಅಸಹ್ಯ, ಅವನಿಗೆ ಆದದ್ದು ಅನ್ಯಾಯ. ಒಳ್ಳೆಯವನೋ ಕೆಟ್ಟವನೋ ಎಂದು ಬಣ್ಣ ನೋಡಿ ತೀರ್ಮಾನಿಸಲು ಬಂದ ಪ್ರೇಕ್ಷಕನಿಗೆ ಆ ದೃಶ್ಯದಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.